ಸೋಮವಾರದ ಹೊಟ್ಟೆನೋವು

ಪತ್ರ: ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಮಗ ಚೆನ್ನಾಗಿ ಓದುತ್ತಿದ್ದ. ಎಂಟನೆಗೆ ಇಂಗ್ಲಿಷ್ ಮೀಡಿಯಂಗೆ ಸೇರಿಸಿದೆವು. ಈಗ ಸೋಮವಾರ ಬಂದರೆ ಹೊಟ್ಟೆನೋವು. ಬಂದರಿಗೆ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಟೀಚರು ಸೋಮಾರಿ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮೊದಲು ಡಾಕ್ಟರಿಗೆ ತೋರಿಸಿ. ನಾಟಕ ಅಂತ ಗದರಬೇಡಿ. ಹೆದರಿಕೆಗೂ ಮಕ್ಕಳ ಹೊಟ್ಟೆ ನಿಜವಾಗಿಯೇ ನೋಯುತ್ತದೆ.

ಸೋಮಾರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಏಳು ವರ್ಷ ಓದಿದವನು ಒಂದೇ ಬೇಸಿಗೆ ರಜೆಯಲ್ಲಿ ಸೋಮಾರಿ ಆಗುತ್ತಾನಾ? ಲ.ಸಾ.ಅ. ಅಂತ ಕಲಿತವನ ಮುಂದೆ ಬೋರ್ಡಿನಲ್ಲಿ ಎಲ್‌ಸಿಎಂ ಬರುತ್ತದೆ. ಲೆಕ್ಕ ಅವನಿಗೆ ಗೊತ್ತಿರುವುದೇ. ಆದರೆ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಬೇಕು. ಒಮ್ಮೆ ತಪ್ಪುತ್ತಾನೆ, ಕ್ಲಾಸು ನಗುತ್ತದೆ. ಮರುದಿನದಿಂದ ಹಿಂದಿನ ಬೆಂಚು. ಗಲಾಟೆ ಮಾಡಿದ್ದರೆ ಟೀಚರ ಕಣ್ಣಿಗಾದರೂ ಬೀಳುತ್ತಿದ್ದ. ಸುಮ್ನೆ ಕೂತವನನ್ನು ಯಾರೂ ಕೇಳುವುದಿಲ್ಲ.

ಬಂದರಿನಲ್ಲಿ ಹಾಗಲ್ಲ. ಅಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ಬುಟ್ಟಿ ಎತ್ತಿದರೆ ಕೈಗೆ ಕಾಸು. ಅವನಿಗೆ ಮೀನಿಗಿಂತ ಆ ಮರ್ಯಾದೆಯ ಆಸೆ ಜಾಸ್ತಿ ಅಂತ ನನ್ನ ಅಂದಾಜು.

ನಮ್ಮ ಜಿಲ್ಲೆಯ ಚಾಳಿಯೂ ಒಂದಿದೆ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ರಾಜ್ಯಕ್ಕೇ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಹೆಮ್ಮೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಈ ಪೈಪೋಟಿಯಲ್ಲಿ ಸ್ಪೆಷಲ್ ಕ್ಲಾಸು, ಮನೆ ಭೇಟಿ ಎಲ್ಲಾ ಹತ್ತನೆಯವರಿಗೆ. ಎಂಟರಲ್ಲಿ ಕೈಬಿಟ್ಟವನನ್ನು ಹತ್ತರಲ್ಲಿ ಹುಡುಕಿದರೆ ಸಿಗುತ್ತಾನಾ? ಕಡ್ಡಾಯ ಶಿಕ್ಷಣದ ಕಾಯ್ದೆ ಕೂಡ 14 ವರ್ಷಕ್ಕೇ ನಿಲ್ಲುತ್ತದೆ.

ಇಂಥ ಹುಡುಗನನ್ನು ಉಳಿಸಿಕೊಳ್ಳುವುದು ಶಾಲೆಗೆ ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಕನ್ನಡ ಶಾಲೆಯಿಂದ ಬಂದವರಿಗೆ ಮೊದಲ ಕೆಲವು ವಾರ ಕನ್ನಡದಲ್ಲೇ ಉತ್ತರ ಹೇಳಲು ಬಿಡಬಹುದು. ಅರ್ಥವಾಗದ್ದನ್ನು ತುಳುವಿನಲ್ಲಿ ಹೇಳಿದರೆ ಯಾರ ಗಂಟು ಹೋಗುತ್ತದೆ? ಎರಡು ದಿನ ಬಾರದವನ ಮನೆಗೆ ಟೀಚರು ಒಂದು ಫೋನು ಮಾಡಲಿ. "ಯಾಕೆ ಬರಲಿಲ್ಲ" ಅಂತಲ್ಲ, "ಹೇಗಿದ್ದೀಯ ಮಾರಾಯ" ಅಂತ.

ಉಡುಪಿಯ ಹಲವು ಹೈಸ್ಕೂಲುಗಳಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಯಕ್ಷಗಾನ ಕಲಿಸುತ್ತದೆ. ಪದ್ಯ ಬಾಯಿಪಾಠ ಬರುವುದಿಲ್ಲ ಅನ್ನಿಸಿಕೊಂಡ ಹುಡುಗ ಗೆಜ್ಜೆ ಕಟ್ಟಿ ಪುಟಗಟ್ಟಲೆ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಾನೆ. ಅಭ್ಯಾಸ ತಪ್ಪಬಾರದು ಅಂತಲಾದರೂ ಶಾಲೆಗೆ ಬರುತ್ತಾನೆ.

ನೀವು ಏಳನೆಯ ನೋಟ್‌ಬುಕ್ ಹಿಡಿದುಕೊಂಡು ಕ್ಲಾಸ್ ಟೀಚರನ್ನು ಕಾಣಿ. ಜಗಳಕ್ಕಲ್ಲ, ಅವನಿಗೆ ಏನು ಬರುತ್ತಿತ್ತು ಅಂತ ತೋರಿಸಲು. ಅವರಿಗೂ ಅದು ಗೊತ್ತಿರಲಿಕ್ಕಿಲ್ಲ. ಅಷ್ಟಾದರೂ ಸರಿಹೋಗದಿದ್ದರೆ ಪಕ್ಕದ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಸೀಟು ಕೇಳಿ. ನೆಂಟರು ಏನಂದಾರು ಅಂತ ನೋಡುತ್ತಾ ಕೂರಬೇಡಿ.