ಲೀಡ್ಸ್‌ನ ಚಳಿಗಾಲ, ನಿದ್ದೆ ಬಾರದ ರಾತ್ರಿ: ಕಲಬುರಗಿಯಿಂದ ಹೊಸದಾಗಿ ಬಂದವರಿಗೆ

ನಿಮ್ಮ ಪತ್ರ ಓದಿದೆ. ಸೆಪ್ಟೆಂಬರಿನಲ್ಲಿ ಕಲಬುರಗಿಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಎಂ.ಎಸ್ಸಿ. ಓದಲು ಬಂದಿದ್ದೀರಿ, ಈಗ ನವೆಂಬರ್ ಮುಗಿಯುತ್ತಾ ಬಂತು. ರಾತ್ರಿ ಮೂರಾದರೂ ನಿದ್ದೆ ಇಲ್ಲ, ಮುಂಜಾನೆ ಕ್ಲಾಸಿಗೆ ಏಳೋಕಾಗ್ತಿಲ್ಲ, ಊಟ ಸೇರ್ತಿಲ್ಲ. ಅವ್ವನಿಗೆ ಮಾತ್ರ ದಿನಾ ಫೋನಿನಲ್ಲಿ "ಎಲ್ಲಾ ಛಲೋ ಅದ" ಅಂತಿದ್ದೀರಿ. ನೀವು ಕೇಳಿರೋದು ಮೂರು ಮಾತು: ಇದು ಬರೀ ಊರಿನ ನೆನಪೋ ಕಾಯಿಲೆಯೋ, ಡಾಕ್ಟರ ಹತ್ತಿರ ಹೋದರೆ ವೀಸಾಕ್ಕೆ ತೊಂದರೆಯಾಗ್ತದಾ, ಊರಿಂದ ನಿದ್ದೆ ಗುಳಿಗೆ ತರಿಸಿಕೊಳ್ಳಬಹುದಾ.

ವೀಸಾದ ಭಯದಿಂದಲೇ ಶುರು ಮಾಡ್ತೀನಿ, ಉಳಿದದ್ದಕ್ಕೆಲ್ಲ ಅಡ್ಡ ನಿಂತಿರೋದು ಅದೇ. ವೀಸಾ ಅರ್ಜಿ ಹಾಕುವಾಗ ಆರೋಗ್ಯ ಸರ್‌ಚಾರ್ಜ್ ಅಂತ ವರ್ಷಕ್ಕೆ 776 ಪೌಂಡ್ ಕಟ್ಟಿದ್ದೀರಲ್ಲ, ಅದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಳಸೋದಕ್ಕೇ. ಮನಸ್ಸಿನ ಚಿಕಿತ್ಸೆಯೂ ಅದರೊಳಗೇ ಬಂತು. ಜಿಪಿ ಅಂದರೆ ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರು. ಅವರಿಗೆ ಹೇಳಿದ್ದು ನಿಮ್ಮ ಒಪ್ಪಿಗೆ ಇಲ್ಲದೆ ವಿಶ್ವವಿದ್ಯಾಲಯಕ್ಕಾಗಲಿ, ಕೆಲಸದ ಮಾಲೀಕರಿಗಾಗಲಿ, ಕಲಬುರಗಿಯ ಮನೆಗಾಗಲಿ ಹೋಗೋದಿಲ್ಲ. ಯಾರದಾದರೂ ಜೀವಕ್ಕೆ ಗಂಡಾಂತರ ಇದ್ದಾಗಿನ ಮಾತು ಬೇರೆ. ಖಿನ್ನತೆಗೆ ಗುಳಿಗೆ ತಗೊಂಡರೆಂದು ಸ್ಟೂಡೆಂಟ್ ವೀಸಾ ಕಿತ್ತುಕೊಳ್ಳುವ ನಿಯಮ ಇಲ್ಲ.

ವೀಸಾಕ್ಕೆ ನಿಜವಾಗಿ ಕುತ್ತು ತರೋದು ಬಾಯಿ ಮುಚ್ಚಿಕೊಂಡು ಕ್ಲಾಸ್ ತಪ್ಪಿಸೋದು. ನಿಮ್ಮ ವೀಸಾಕ್ಕೆ ವಿಶ್ವವಿದ್ಯಾಲಯವೇ ಸ್ಪಾನ್ಸರ್. ವಿದ್ಯಾರ್ಥಿ ಬರೋದನ್ನೇ ನಿಲ್ಲಿಸಿದರೆ ಅವರು ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಲೇಬೇಕು. ಸ್ಪಾನ್ಸರ್‌ಶಿಪ್ ಹೋದರೆ ವೀಸಾ ಅವಧಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸ್ತಾರೆ. ಅದೇ ವಿದ್ಯಾರ್ಥಿ ಮೊದಲೇ ಹೋಗಿ "ನನಗೆ ಹುಷಾರಿಲ್ಲ, ಡಾಕ್ಟರ ಹತ್ತಿರ ತೋರಿಸ್ತಿದ್ದೀನಿ" ಅಂದರೆ ಅಸೈನ್‌ಮೆಂಟಿಗೆ ಹೆಚ್ಚು ದಿನ ಸಿಗಬಹುದು, ಪರೀಕ್ಷೆ ಮುಂದಕ್ಕೆ ಹೋಗಬಹುದು, ಗೈರುಹಾಜರಿಗೆ ಕಾರಣ ದಾಖಲಾಗ್ತದೆ. ಇದಕ್ಕೊಂದು ಫಾರ್ಮ್ ಇರ್ತದೆ, ಮಿಟಿಗೇಟಿಂಗ್ ಸರ್ಕಮ್‌ಸ್ಟನ್ಸಸ್ ಅಂತಾರೆ. ಗಡುವು ದಾಟುವ ಮುಂಚೆ ಹಾಕಬೇಕು, ಜೊತೆಗೆ ಡಾಕ್ಟರ ಪತ್ರ ಕೇಳಬಹುದು. ಬಹಳಷ್ಟು ಜನ ಎಡವೋದು ಇಲ್ಲೇ. ನವೆಂಬರಿನಲ್ಲಿ ನರಳಿ, ಜನವರಿಯಲ್ಲಿ ಫೇಲಾದ ಮೇಲೆ ಪತ್ರ ಕೇಳಿದರೆ, ಆಗ ನಿಮ್ಮನ್ನು ನೋಡಿಯೇ ಇಲ್ಲದ ಡಾಕ್ಟರು ಏನಂತ ಬರೆದುಕೊಡಬೇಕು?

ಇನ್ನು ಇದು ಕಾಯಿಲೆಯೋ ಅಲ್ಲವೋ ಅನ್ನೋದು. ಹೊಸ ಊರಿಗೆ ಬಂದವರಿಗೆ ಮೊದಲ ಕೆಲವು ವಾರ ಮನಸ್ಸು ಹತ್ತೋದಿಲ್ಲ, ಅದು ಸಹಜ. ಊರವರು ಯಾರಾದರೂ ಸಿಕ್ಕಾಗ, ಒಳ್ಳೆ ಊಟ ಆದಾಗ, ಬಿಸಿಲು ಬಿದ್ದಾಗ ಆ ಬೇಸರ ಸ್ವಲ್ಪ ಸಡಿಲಾಗ್ತದೆ. ಎರಡು ವಾರ ಮೀರಿ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದ್ದು, ಮೊದಲು ಖುಷಿ ಕೊಡ್ತಿದ್ದ ಯಾವುದೂ ಬೇಡವಾಗಿ, ನಿದ್ದೆ, ಹಸಿವು, ಓದು ಮೂರೂ ಕೆಟ್ಟಿದ್ದರೆ ಅದನ್ನು ಊರ ನೆನಪು ಅಂತ ತಳ್ಳಿಹಾಕಬಾರದು. ಇಲ್ಲಿನ ಡಾಕ್ಟರುಗಳು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೊಡ್ತಾರೆ. ಹಿಂದಿನ ಎರಡು ವಾರದಲ್ಲಿ ಯಾವುದು ಎಷ್ಟು ದಿನ ಕಾಡಿತು ಅನ್ನೋದಕ್ಕೆ 0ರಿಂದ 3ರವರೆಗೆ ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಧ್ಯಮ ಪ್ರಮಾಣದ ಖಿನ್ನತೆ ಇರಬಹುದು ಅಂತ ಮುಂದೆ ವಿಚಾರಿಸ್ತಾರೆ. ನೀವು ಬರೆದಿರೋದನ್ನು ನೋಡಿದರೆ ಈ ವಾರವೇ ತೋರಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಜಿಪಿ ಹತ್ತಿರ ಹೆಸರು ಹಚ್ಚಿಸೋದಕ್ಕೆ ರೊಕ್ಕ ಬೇಕಿಲ್ಲ. ನಿಯಮದ ಪ್ರಕಾರ ಗುರುತಿನ ಚೀಟಿ, ವಿಳಾಸದ ಪುರಾವೆ ಕೂಡ ಕಡ್ಡಾಯ ಅಲ್ಲ. ಕೌಂಟರಿನಲ್ಲಿ ಕೇಳಿದರೆ ಇದ್ದದ್ದು ಕೊಡಿ, ಇಲ್ಲದಿದ್ದರೆ ಎನ್‌ಎಚ್‌ಎಸ್ ನಿಯಮ ಹೀಗಿದೆ ಅಂತ ಸಮಾಧಾನವಾಗಿ ಹೇಳಿ. ಹೆಸರು ದಾಖಲಾಗೋಕೆ ಕೆಲವು ದಿನ ಹಿಡೀತದೆ, ಹಾಗಾಗಿ ಹುಷಾರು ತಪ್ಪಿದ ಮೇಲೆ ಹುಡುಕಬಾರದು, ಬಂದ ಮೊದಲ ವಾರವೇ ಮುಗಿಸಬೇಕು. ನಿಮ್ಮ ಹಿಂದೆ ಬರುವ ಜೂನಿಯರ್‌ಗಳಿಗೆ ಇದೊಂದು ಮಾತು ತಪ್ಪದೆ ಹೇಳಿ.

ಭೇಟಿಯ ಸಮಯ ಸಾಮಾನ್ಯವಾಗಿ ಹತ್ತು ನಿಮಿಷ. ನಮ್ಮವರು ಒಳಗೆ ಹೋಗಿ ತಲೆನೋವಿನಿಂದ ಶುರು ಮಾಡ್ತಾರೆ, ಆಮೇಲೆ ಅಸಿಡಿಟಿ, ಆಮೇಲೆ ಸುಸ್ತು. ಮನಸ್ಸಿನ ಮಾತು ನಾಲಿಗೆಗೆ ಬರುವಷ್ಟರಲ್ಲಿ ಹತ್ತು ನಿಮಿಷ ಮುಗಿದು, ಕೈಯಲ್ಲಿ ಪ್ಯಾರಾಸಿಟಮಾಲ್ ಹೆಸರು ಹಿಡ್ಕೊಂಡು ಹೊರಗೆ ಬಂದಿರ್ತಾರೆ. ಮೊದಲ ವಾಕ್ಯವೇ ಅದಾಗಿರಲಿ: "ಆರು ವಾರದಿಂದ ಮನಸ್ಸು ಕುಗ್ಗಿದೆ, ರಾತ್ರಿ ಮೂರು ತಾಸು ನಿದ್ದೆ, ವಾರಕ್ಕೆ ಇಷ್ಟು ಕ್ಲಾಸ್ ತಪ್ಪಿಸ್ತಿದ್ದೀನಿ." ಎಷ್ಟು ವಾರ, ಎಷ್ಟು ತಾಸು, ತೂಕ ಎಷ್ಟು ಇಳಿದಿದೆ ಅನ್ನೋದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮಾತು ತಡವರಿಸಿದರೆ ಚೀಟಿಯನ್ನೇ ಕೊಡಿ. ಇಂಗ್ಲಿಷ್ ಕಷ್ಟ ಅನಿಸಿದರೆ ಭೇಟಿ ಗೊತ್ತು ಮಾಡುವಾಗಲೇ ಕನ್ನಡದ ದುಭಾಷಿ ಮತ್ತು ಎರಡು ಪಟ್ಟು ಸಮಯ ಬೇಕು ಅಂತ ಕೇಳಿ. ದುಭಾಷಿಗೆ ನೀವು ರೊಕ್ಕ ಕೊಡಬೇಕಿಲ್ಲ. ರೂಮ್‌ಮೇಟನ್ನು ದುಭಾಷಿ ಮಾಡಿಕೊಳ್ಳಬೇಡಿ, ಅವರೆದುರು ಅರ್ಧ ಮಾತು ಗಂಟಲಲ್ಲೇ ಉಳೀತದೆ. ಸಾಯಬೇಕು ಅನಿಸ್ತದಾ ಅಂತ ಡಾಕ್ಟರು ಕೇಳೇ ಕೇಳ್ತಾರೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಹೌದು ಅಂದ ತಕ್ಷಣ ಎಳೆದುಕೊಂಡು ಹೋಗಿ ಆಸ್ಪತ್ರೆಗೆ ಹಾಕೋದಿಲ್ಲ, ನಿಜವನ್ನೇ ಹೇಳಿ. ಶಾಕಾಹಾರಿಗಳಾಗಿದ್ದರೆ ಬಿ12 ನೋಡಿಸಿ, ಜೊತೆಗೆ ಥೈರಾಯ್ಡ್, ರಕ್ತಹೀನತೆ. ಇವುಗಳ ತೊಂದರೆ ಇದ್ದಾಗಲೂ ಇದೇ ರೀತಿ ಸುಸ್ತು, ಮಂಕು ಕವಿಯೋದುಂಟು.

ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಅಂತ ಇನ್ನೊಂದು ದಾರಿ ಇದೆ. ಜಿಪಿ ಚೀಟಿ ಇಲ್ಲದೆ ನೀವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಜಿಪಿ ಹತ್ತಿರ ಹೆಸರು ಇದ್ದರೆ ಸಾಕು. ಮಾತಿನ ಚಿಕಿತ್ಸೆ ಪುಕ್ಕಟೆ, ಫೋನಿನಲ್ಲೋ ವಿಡಿಯೋದಲ್ಲೋ ಎದುರೆದುರೋ ನಡೀತದೆ. ಮೊದಲ ಕರೆ ಬೇಗ ಬಂದರೂ ಎರಡನೆಯದಕ್ಕೆ ವಾರಗಟ್ಟಲೆ ಕಾಯೋದು ಮಾಮೂಲು. ಆ ಮಧ್ಯೆ ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಬಳಸಿಕೊಳ್ಳಿ. ಎರಡಕ್ಕೂ ಒಂದೇ ದಿನ ಅರ್ಜಿ ಹಾಕಿದರೆ ತಪ್ಪೇನಿಲ್ಲ.

ಗುಳಿಗೆಯ ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಯಾವುದೋ ಮೆಡಿಕಲ್‌ನಲ್ಲಿ ಪರಿಚಯದ ಮೇಲೆ ಸಿಕ್ಕ ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ಪಟ್ಟಿಯನ್ನು ಅಂಚೆಯಲ್ಲಿ ತರಿಸಬೇಡಿ. ಇವು ಇಲ್ಲಿ ನಿಯಂತ್ರಿತ ಔಷಧಿ. ನಿಮ್ಮ ಹೆಸರಿಗೆ ಡಾಕ್ಟರು ಬರೆದದ್ದೆಂಬ ಪತ್ರದೊಂದಿಗೆ, ಮೂರು ತಿಂಗಳಿಗಿಂತ ಕಡಿಮೆ ಪ್ರಮಾಣದಲ್ಲಿ, ಜೊತೆಗೇ ಕೊಂಡು ಬರೋದು ಸರಿ. ಅಂಚೆಯಲ್ಲಿ ಬಂದದ್ದನ್ನು ಕಸ್ಟಮ್ಸ್ ಹಿಡಿದಿಟ್ಟುಕೊಳ್ಳಬಹುದು. ಅದಕ್ಕಿಂತ ದೊಡ್ಡ ಕಾರಣ, ಈ ಗುಳಿಗೆಗಳಿಗೆ ಕೆಲವೇ ವಾರದಲ್ಲಿ ಮೈ ಒಗ್ಗಿಬಿಡ್ತದೆ. ಆಮೇಲೆ ಗುಳಿಗೆ ಇಲ್ಲದ ರಾತ್ರಿ ಮೊದಲಿಗಿಂತ ಕೆಟ್ಟದಾಗಿರ್ತದೆ.

ಇಲ್ಲಿ ಖಿನ್ನತೆಗೆ ಸಾಮಾನ್ಯವಾಗಿ ಸರ್ಟ್ರಲಿನ್‌ನಂಥದ್ದು ಬರೀತಾರೆ. ಮೊದಲ ಒಂದೆರಡು ವಾರ ಹೊಟ್ಟೆ ತೊಳೆಸೋದು, ತಲೆನೋವು, ಚಡಪಡಿಕೆ ಇರಬಹುದು. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು. ನಮ್ಮ ಜನ ಗುಳಿಗೆ ಬಿಟ್ಟುಬಿಡೋದು ಸರಿಯಾಗಿ ಈ ನಡುವೆಯೇ, ತೊಂದರೆ ಬಂದಿರ್ತದೆ, ಗುಣ ಇನ್ನೂ ಬಂದಿರೋದಿಲ್ಲ. ಇಪ್ಪತ್ತೈದರ ಒಳಗಿನ ವಯಸ್ಸಿನವರನ್ನು ಡಾಕ್ಟರು ಒಂದು ವಾರಕ್ಕೇ ಮತ್ತೆ ನೋಡಬೇಕು, ಯಾಕಂದರೆ ಶುರುವಿನಲ್ಲಿ ಕೆಲವರಿಗೆ ಸಾವಿನ ಯೋಚನೆ ಹೆಚ್ಚಾಗಬಹುದು. ಹಾಗಾದರೆ ಅದೇ ದಿನ ತಿಳಿಸಿ. ಸುಧಾರಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಊರಲ್ಲಿ ಅವ್ವ ಶರಣಬಸವೇಶ್ವರರ ಗುಡಿಗೆ ಹರಕೆ ಹೊತ್ತರೆ, ಅಜ್ಜಿ ಬಂದೇನವಾಜ್ ದರ್ಗಾದ ದಾರ ಕಳಿಸಿದರೆ ಬೇಡ ಅನ್ನಬೇಡಿ. ದಾರವೂ ಇರಲಿ, ಗುಳಿಗೆಯೂ ನಡೆಯಲಿ.

ಬೆಳಕಿನ ವಿಷಯ ಇಲ್ಲಿ ಬಂದವರು ಹಗುರಾಗಿ ತಗೊಳ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಕಲಬುರಗಿಯಲ್ಲಿ ಡಿಸೆಂಬರಿನಲ್ಲೂ ಸುಮಾರು ಹನ್ನೊಂದು ತಾಸು ಹಗಲು. ಲೀಡ್ಸ್‌ನಲ್ಲಿ ಅದೇ ತಿಂಗಳು ಸೂರ್ಯ ಏಳೋದು ಎಂಟೂ ಇಪ್ಪತ್ತರ ಸುಮಾರಿಗೆ, ಮುಳುಗೋದು ನಾಲ್ಕಕ್ಕೂ ಮುಂಚೆ. ರಾತ್ರಿ ಮೂರಕ್ಕೆ ಮಲಗಿ ಮಧ್ಯಾಹ್ನ ಹನ್ನೆರಡಕ್ಕೆ ಎದ್ದರೆ ನಿಮ್ಮ ಪಾಲಿಗೆ ಹಗಲು ಉಳಿಯೋದೇ ಮೂರೂವರೆ ತಾಸು, ಅದೂ ಮೋಡದ್ದು. ಮೈಯೊಳಗಿನ ನಿದ್ದೆಯ ಗಡಿಯಾರ ಸರಿಹೋಗೋದು ಮುಂಜಾನೆಯ ಬೆಳಕಿನಿಂದ. ಹಾಗಾಗಿ ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತನ್ನು ಹಿಡಿಯಿರಿ. ಎಷ್ಟೊತ್ತಿಗೇ ಮಲಗಿರಲಿ, ಎಂಟಕ್ಕೆ ಎದ್ದು, ಬೆಳಕಾದ ಕೂಡಲೇ ಹೊರಗೆ ಅರ್ಧ ತಾಸು ನಡೆಯಬೇಕು. ಮೋಡ ಕವಿದ ಆಕಾಶದ ಬೆಳಕು ಕೂಡ ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೊದಲ ನಾಲ್ಕೈದು ದಿನ ಹೈರಾಣಾಗ್ತೀರಿ, ಆಗ ಹಗಲಲ್ಲಿ ಮಲಗಿದರೆ ಮಾಡಿದ್ದೆಲ್ಲ ನೀರುಪಾಲು. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು ಮಂದ ಬೆಳಕಿನಲ್ಲಿ ಏನಾದರೂ ಓದಿ, ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಬನ್ನಿ. ಮಧ್ಯಾಹ್ನ ಎರಡರ ಮೇಲೆ ಚಹಾ, ಕಾಫಿ ಬೇಡ. ಹೀಟರಿನ ಬಿಲ್ ಉಳಿಸೋಕೆಂದು ದಿನವಿಡೀ ಹೊದಿಕೆಯೊಳಗೆ ಕೂತು ಓದೋದನ್ನು ಬಿಟ್ಟು ಲೈಬ್ರರಿಯ ಕಿಟಕಿ ಪಕ್ಕ ಕೂತುಕೊಳ್ಳಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳಿ ಅಂತ ಇಲ್ಲಿನ ಸರ್ಕಾರವೇ ಎಲ್ಲರಿಗೂ ಹೇಳ್ತದೆ. ನಮ್ಮಂಥ ಕಪ್ಪು ಮೈಬಣ್ಣದವರು ವರ್ಷವಿಡೀ ತಗೊಂಡರೆ ಒಳ್ಳೇದು.

ಅವ್ವನ ಫೋನನ್ನೂ ಇದಕ್ಕೇ ಜೋಡಿಸಬಹುದು. ಚಳಿಗಾಲದಲ್ಲಿ ಊರು ನಮಗಿಂತ ಐದೂವರೆ ತಾಸು ಮುಂದೆ. ನೀವು ರಾತ್ರಿ ಹನ್ನೆರಡಕ್ಕೆ ಫೋನ್ ಹಚ್ಚಿದರೆ ಅಲ್ಲಿ ನಸುಕಿನ ಐದೂವರೆ. ಅವರ ನಿದ್ದೆಯೂ ಹೋಯಿತು, ನಿಮ್ಮದೂ ಹೋಯಿತು. ಮಧ್ಯಾಹ್ನ ಹನ್ನೆರಡೂವರೆಗೆ, ಕ್ಯಾಂಪಸ್ಸಿನ ಹೊರಗೆ ನಡೆಯುತ್ತಾ ಮಾತಾಡಿ. ಕಲಬುರಗಿಯಲ್ಲಿ ಆಗ ಸಂಜೆ ಆರು, ಅವ್ವ ಚಹಾ ಮುಗಿಸಿರ್ತಾರೆ, ನಿಮ್ಮ ತಲೆ ಮೇಲೆ ಇದ್ದಷ್ಟು ಬೆಳಕಾದರೂ ಬಿದ್ದಿರ್ತದೆ. ಎಲ್ಲವನ್ನೂ ಅವರಿಗೆ ಹೇಳಬೇಕು ಅಂತಿಲ್ಲ. "ಇಲ್ಲಿ ಥಂಡಿಗೆ ನಿದ್ದಿ ಕೆಟ್ಟದ, ಡಾಕ್ಟರಿಗೆ ತೋರಿಸ್ಲಿಕತ್ತೀನಿ" ಅಷ್ಟಂದರೂ ಆ ಸುಳ್ಳಿನ ಭಾರ ಇಳೀತದೆ. ಅವರೇ ಗಾಬರಿಯಾದರೆ ಟೆಲಿಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ಕೊಡಿ. ಭಾರತದ ಫೋನಿನಿಂದ ಮಾಡುವಂಥದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೋವೈದ್ಯರಿಗೆ ತೋರಿಸಬಹುದು. ಮಗನ ಚಿಂತೆಯಲ್ಲಿ ತಾಯಿಯ ನಿದ್ದೆ ಕೆಡೋದೂ ಚಿಕಿತ್ಸೆ ಬೇಕಾದ ವಿಷಯವೇ.

ಸಾಲದ ಚಿಂತೆ ಇದರ ಬೇರಾಗಿದ್ದರೆ ಅದನ್ನೂ ಡಾಕ್ಟರಿಗೆ, ಕೌನ್ಸೆಲರಿಗೆ ಹೇಳಿ. ಹಲವು ವಿಶ್ವವಿದ್ಯಾಲಯಗಳಲ್ಲಿ ಕಷ್ಟದಲ್ಲಿರುವ ವಿದ್ಯಾರ್ಥಿಗಳಿಗೆ ಹಾರ್ಡ್‌ಶಿಪ್ ಫಂಡ್ ಇರ್ತದೆ, ಸ್ಟೂಡೆಂಟ್ಸ್ ಯೂನಿಯನ್ನಿನ ಸಲಹೆಗಾರರು ಅರ್ಜಿ ತುಂಬೋಕೆ ಸಹಾಯ ಮಾಡ್ತಾರೆ. ಕಂತು ತೀರಿಸೋಕೆಂದು ವಾರಕ್ಕೆ 20 ತಾಸಿನ ಮಿತಿ ಮೀರಿ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದರೆ ನಿದ್ದೆ ಮತ್ತು ವೀಸಾ ಎರಡಕ್ಕೂ ಒಟ್ಟಿಗೇ ಏಟು.

ಬದುಕೋದೇ ಬೇಡ ಅನ್ನಿಸಿದ ರಾತ್ರಿ ಯಾರನ್ನೂ ಎಬ್ಬಿಸಲು ಸಂಕೋಚಪಡಬೇಡಿ. 111ಕ್ಕೆ ಫೋನ್ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗ್ತದೆ, ದಿನದ 24 ತಾಸೂ. ಸಮಾರಿಟನ್ಸ್ ಎಂಬ ಸಹಾಯವಾಣಿ 116 123, ಇದೂ ಪುಕ್ಕಟೆ. ಮಾತಾಡೋಕಾಗದಿದ್ದರೆ 85258ಕ್ಕೆ ಮೆಸೇಜ್ ಕಳಿಸಿ. ಜೀವಕ್ಕೆ ಅಪಾಯ ಕಣ್ಣೆದುರಿಗೇ ಇದ್ದರೆ 999. ನಿಮ್ಮ ಮನೆಯಲ್ಲಿರುವ ಇನ್ನೊಬ್ಬ ಹುಡುಗನ ಮೇಲೆ ಅನುಮಾನ ಬಂದರೆ ನೇರವಾಗಿ ಕೇಳಿ: "ಸಾಯೋ ವಿಚಾರ ಬರ್ತದೇನು?" ಕೇಳಿದ್ದರಿಂದ ಆ ವಿಚಾರ ಹುಟ್ಟೋದಿಲ್ಲ. ಅವನನ್ನು ಒಬ್ಬನೇ ಬಿಡದೆ ಜೊತೆಗೆ ಕೂತು ಫೋನ್ ಹಚ್ಚಿಕೊಡಿ.

ಮುಂದಿನ ಕೆಲವು ವಾರಕ್ಕೆ ಈಗಲೇ ತಯಾರಿ ಮಾಡಿಕೊಳ್ಳಬೇಕು. ಎಳ್ಳ ಅಮಾವಾಸ್ಯೆ ಬರೋದು ಇಲ್ಲಿನ ಅತಿ ಕತ್ತಲಿನ ದಿನಗಳಲ್ಲೇ. ಅಂದು ಊರಿಂದ ಹೊಲದ ಊಟದ ಫೋಟೋ ಒಂದರ ಹಿಂದೊಂದು ಬರ್ತಾವೆ, ಒಬ್ಬರೇ ಕೋಣೆಯಲ್ಲಿ ಕೂತು ನೋಡಿದರೆ ಎದೆ ಒಡೀತದೆ. ಆ ದಿನಕ್ಕೆ ಬೀದರಿನವರೋ ಯಾದಗಿರಿಯವರೋ ಇಬ್ಬರನ್ನು ಮೊದಲೇ ಕರೆದಿಟ್ಟು ಭಜ್ಜಿ ಪಲ್ಯ, ರೊಟ್ಟಿ ಮಾಡಿ. ಜೋಳದ ಹಿಟ್ಟು ಏಷ್ಯನ್ ಅಂಗಡಿಗಳಲ್ಲಿ ಸಿಗ್ತದೆ, ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ, ತಾರೀಕು ನೋಡಿ ತಗೊಂಡು ಕುದಿಯುವ ಎಸರಿನಲ್ಲೇ ನಾದಬೇಕು. ಇನ್ನು ಡಿಸೆಂಬರ್ 25ಕ್ಕೆ ರೈಲು ಇಲ್ಲ, ಬಸ್ಸು ಇಲ್ಲವೆಂದೇ ಲೆಕ್ಕ. ಕ್ಯಾಂಪಸ್ಸಿನ ಕೌನ್ಸೆಲಿಂಗ್ ಮುಚ್ಚಿರ್ತದೆ, 25 ಮತ್ತು 26ಕ್ಕೆ ಜಿಪಿ ಕೂಡ. ಗುಳಿಗೆ ಶುರುವಾಗಿದ್ದರೆ ಮುಂದಿನ ತಿಂಗಳಿನದನ್ನು ಡಿಸೆಂಬರ್ 18ರೊಳಗೆ ಬರೆಸಿ ತಂದಿಟ್ಟುಕೊಳ್ಳಿ. ಒಂದು ಔಷಧಿಗೆ 9.90 ಪೌಂಡ್ ಬೀಳ್ತದೆ. 111ಕ್ಕೆ ಫೋನ್ ಮಾಡಿದರೆ ಆ ದಿನಗಳಲ್ಲೂ ಎತ್ತುತ್ತಾರೆ.