ಅಲ್ಪಾಕಾ ಸಾಕ್ತೀರಾ? ಮೊದಲು ಗಿರಾಕಿ ಯಾರು ಹೇಳಿ

ಪ್ರಶ್ನೆ: ನಿವೃತ್ತಿಗೆ ಇನ್ನೆರಡು ವರ್ಷ ಇದೆ. ಮೂರು ಎಕರೆ ಹುಲ್ಲುಗಾವಲಿದೆ. ಎರಡು ಹೆಣ್ಣು, ಒಂದು ಗಂಡು ಅಲ್ಪಾಕಾ ತಂದು, ಮರಿಯನ್ನೂ ಉಣ್ಣೆಯನ್ನೂ ಮಾರಿಕೊಂಡು ನೆಮ್ಮದಿಯಾಗಿ ಇರೋಣ ಅಂತ ನಾನು, ನನ್ನ ಹೆಂಡತಿ ಲೆಕ್ಕ ಹಾಕಿದ್ದೇವೆ. ಸರಿ ಇದೆಯಾ?

ಉತ್ತರ: ನೆಮ್ಮದಿ ಬೇಕಾದಷ್ಟು ಸಿಗುತ್ತದೆ. ಲೆಕ್ಕ ಮಾತ್ರ ಕೂಡುವುದಿಲ್ಲ.

ಅಲ್ಪಾಕಾ ಅಂದರೆ ಒಂಟೆಯ ಕುಲದ, ಉಣ್ಣೆಗಾಗಿ ಸಾಕುವ ಪ್ರಾಣಿ. ನಿಮ್ಮ ಲೆಕ್ಕದ ಆ ಒಂದು ಗಂಡನ್ನೇ ತೆಗೆದುಕೊಳ್ಳಿ. ಸದಾ ಹೆಣ್ಣುಗಳ ಜೊತೆ ಬಿಟ್ಟರೆ ಗಬ್ಬವಾದವನ್ನೂ ಸುಮ್ನೆ ಬಿಡುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ, ಗರ್ಭ ಹೋಗುವ ಅಪಾಯ ಇರುತ್ತದೆ. ಸರಿ, ಬೇರೆ ಇಡೋಣ ಅಂದರೆ ಇದು ಒಂಟಿಯಾಗಿ ಬದುಕುವ ಪ್ರಾಣಿ ಅಲ್ಲ, ಒಂಟಿ ಬಿಟ್ಟರೆ ಸೊರಗಿ ಹೋಗುತ್ತದೆ. ಅದಕ್ಕೊಂದು ಜೊತೆ ಬೇಕು. ಆ ಕಡೆ ಎರಡೇ ಹೆಣ್ಣು ಉಳಿದವು, ಅದೂ ಕಮ್ಮಿಯೇ, ಹಿಂಡು ಅಂದರೆ ಮೂರಾದರೂ ಇರಬೇಕು. ನೋಡಿ, ಮೂರು ಹೋಗಿ ಐದಾಯ್ತು, ಬೇಲಿ ಎರಡಾಯ್ತು. ಹುಟ್ಟಿದ ಹೆಣ್ಣುಮರಿ ದೊಡ್ಡದಾದರೆ ಅಪ್ಪನ ಜೊತೆಗೇ ಕೂಡಿಸೋಕೆ ಆಗುತ್ತಾ? ಆಗ ಇನ್ನೊಂದು ಗಂಡು ಹುಡುಕಬೇಕು.

ಇನ್ನು ಮರಿ. ಅಲ್ಪಾಕಾಗೆ ಅವಸರ ಅನ್ನುವುದೇ ಗೊತ್ತಿಲ್ಲ. ಗಬ್ಬ ಹನ್ನೊಂದೂವರೆ ತಿಂಗಳು. ಈಯುವುದು ಒಂದೇ ಮರಿ, ಅವಳಿ ಬಹಳ ಅಪರೂಪ. ತಾಯಿ ಹಾಲು ಬಿಡಿಸೋದು 6 ತಿಂಗಳಿಗೆ, ಆ ಮರಿ ಹೆಣ್ಣಾಗಿದ್ದರೆ ಗಂಡಿಗೆ ಬಿಡಬಹುದಾದ ವಯಸ್ಸಿಗೆ ಬರಲು ಒಂದು, ಒಂದೂವರೆ ವರ್ಷ. ಅಂದರೆ ಇವತ್ತು ಕೂಡಿಸಿದ ಹೆಣ್ಣಿನಿಂದ ಒಳ್ಳೆ ರೇಟಿಗೆ ಮಾರುವಂಥ ಹೆಣ್ಣು ಸಿಗಲು ಎರಡೂವರೆ ವರ್ಷ ಹಿಡಿಯಬಹುದು, ಅದೂ ಎಲ್ಲ ಸರಿ ಹೋದರೆ. ಹುಟ್ಟಿದ್ದು ಗಂಡಾದರೆ? ಅರ್ಧಕ್ಕರ್ಧ ಗಂಡೇ ಹುಟ್ಟುತ್ತವೆ, ಅವುಗಳಲ್ಲಿ ತಳಿಗೆ ಇಟ್ಟುಕೊಳ್ಳುವಂಥವು ಬೆರಳೆಣಿಕೆ. ಉಳಿದವು ಉಣ್ಣೆಗಷ್ಟೇ.

ಮರಿ ಮಾರಿಯೇ ದುಡ್ಡು ಮಾಡುತ್ತೇವೆ ಅಂತ ಹೊರಟವರ ಕಥೆ ಅಮೆರಿಕದಲ್ಲಿ ಆಗಿ ಹೋಗಿದೆ. ಅಲ್ಲಿಗೆ 1980ರ ದಶಕದಲ್ಲಿ ಅಲ್ಪಾಕಾ ಬಂದವು. ಆಮೇಲೆ ಒಂದೊಂದು ಹೆಣ್ಣಿಗೆ ಹತ್ತಾರು ಸಾವಿರ ಡಾಲರ್ ಆಯಿತು. ಕೊಂಡವರು ಉಣ್ಣೆಗಾಗಿ ಕೊಳ್ಳಲಿಲ್ಲ, ಮುಂದೆ ಬರುವ ಹೊಸಬರಿಗೆ ಮರಿ ಮಾರಲು ಕೊಂಡರು. ಆ ಹೊಸಬರೂ ಅದಕ್ಕೇ ಕೊಂಡರು. 2008ರ ಆರ್ಥಿಕ ಕುಸಿತದ ನಂತರ ಹೊಸಬರು ಬರೋದು ನಿಂತಿತು, ಕೊನೆಗೆ ಪುಕ್ಕಟೆ ಕೊಟ್ಟು ಕೈತೊಳೆದುಕೊಂಡವರೂ ಇದ್ದರು. ಅದಕ್ಕೇ ಯಾರೇ ಕೇಳಿದರೂ ನಾನು ತಿರುಗಿ ಕೇಳೋದು ಒಂದೇ: ಇದರ ಉಣ್ಣೆ ಕೊಳ್ಳುವವರು ಯಾರು?

ವರ್ಷಕ್ಕೊಮ್ಮೆ ಕತ್ತರಿಸಿದರೆ ಒಂದು ಅಲ್ಪಾಕಾಗೆ 2ರಿಂದ 4 ಕಿಲೋ ಉಣ್ಣೆ ಸಿಗುತ್ತದೆ. ಅದರಲ್ಲೂ ಬೆನ್ನು, ಪಕ್ಕೆಯದು ಮಾತ್ರ ಮೃದು. ಕಾಲು, ಹೊಟ್ಟೆಯದು ಒರಟು. ಉಣ್ಣೆಯನ್ನು ಹಾಗೇ ಕಿಲೋ ಲೆಕ್ಕದಲ್ಲಿ ಮಾರಲು ಹೋಗಬೇಡಿ. ಜಗತ್ತಿನ ಅಲ್ಪಾಕಾಗಳಲ್ಲಿ ಹೆಚ್ಚಿನವು ಇರುವುದು ಪೆರುವಿನ ಬೆಟ್ಟಗಳಲ್ಲಿ, ಅಲ್ಲಿನವರು ಸಾವಿರಾರು ವರ್ಷದಿಂದ ಸಾಕುತ್ತಿದ್ದಾರೆ, ಅವರ ರೇಟಿಗೆ ನೀವು ಕೊಡೋಕಾಗಲ್ಲ. ನೂಲು ಮಾಡಿಸಿ, ಹೆಣೆಯುವವರಿಗೆ ನೇರವಾಗಿ ಕೊಟ್ಟರೆ ನಾಲ್ಕು ಕಾಸು ಉಳಿಯುತ್ತದೆ. ನಿಮ್ಮ ಮನೆಯವರಿಗೆ ಹೆಣಿಗೆ ಬಂದರೆ ಇನ್ನೂ ಒಳ್ಳೆಯದು. ಗೊಬ್ಬರಕ್ಕೂ ಗಿರಾಕಿ ಇರುತ್ತಾರೆ. ಇಡೀ ಹಿಂಡು ಒಂದೆರಡು ಜಾಗದಲ್ಲೇ ಹಿಕ್ಕೆ ಹಾಕುವುದರಿಂದ ಬಾಚೋದು ಸುಲಭ.

ಕೊಳ್ಳುವಾಗ ಮುಖ ನೋಡಿ ಮರುಳಾಗಬೇಡಿ, ಮುಖ ಎಲ್ಲದರದ್ದೂ ಮುದ್ದಾಗೇ ಇರುತ್ತದೆ! ಭುಜದ ಹತ್ತಿರ ಎರಡೂ ಕೈಯಿಂದ ಉಣ್ಣೆ ಬಿಡಿಸಿ ನೋಡಿ. ಮೇಲೆ ಧೂಳು, ಹುಲ್ಲು ಕಡ್ಡಿ, ಮಣ್ಣಿನ ಬಣ್ಣ. ಒಳಗೆ, ವಕಾಯ ಅನ್ನುವ ಜಾತಿಯ ಒಳ್ಳೆಯ ಅಲ್ಪಾಕಾ ಆಗಿದ್ದರೆ, ಬಿಗಿಯಾಗಿ ಹೆಣೆದು ಈಗಷ್ಟೇ ಬಿಚ್ಚಿದ ಜಡೆಯ ಹಾಗೆ ಸಣ್ಣ ಸಣ್ಣ ಅಲೆ, ಹೊಳಪು. (ಸೂರಿ ಜಾತಿಯದಾದರೆ ಅಲೆ ಇರಲ್ಲ, ಎಳೆ ಎಳೆಯಾಗಿ ಜೋತಾಡುತ್ತದೆ.) ವಯಸ್ಸು ಕೇಳಿ. ವಯಸ್ಸಾದಷ್ಟೂ ಎಳೆ ದಪ್ಪವಾಗುತ್ತದೆ, 20 ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರಾನ್) ಇದ್ದದ್ದು 30ರ ಹತ್ತಿರ ಹೋದರೆ ಕೊರಳಿಗೆ ಹಾಕಿದವರಿಗೆ ಚುಚ್ಚುತ್ತದೆ.

ನನ್ನ ಮಾತು ಕೇಳುವುದಾದರೆ ಮೊದಲ ವರ್ಷ ಬೀಜ ತೆಗೆಸಿದ ಗಂಡು ಮೂರು ತನ್ನಿ. ರೇಟು ಕಮ್ಮಿ, ಕಿರಿಕಿರಿ ಕಮ್ಮಿ, ಉಣ್ಣೆಗೇನೂ ಮೋಸ ಇಲ್ಲ. ಉಗುರು ಕತ್ತರಿಸೋದು, ಜಂತುಹುಳುವಿಗೆ ಹಿಕ್ಕೆ ಪರೀಕ್ಷೆ ಮಾಡಿಸೋದು, ಸೆಕೆ ಇದ್ದಾಗ ನೆರಳು ನೀರು ನೋಡೋದು ಎಲ್ಲ ಇವುಗಳ ಮೇಲೇ ಕಲಿಯಿರಿ. ಒಂದು ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಬೇಕು. ದಪ್ಪ ಉಣ್ಣೆಯ ಒಳಗೆ ಪ್ರಾಣಿ ಸೊರಗಿದ್ದು ಕಣ್ಣಿಗೆ ಕಾಣಲ್ಲ. ಎರಡು ವಾರಕ್ಕೊಮ್ಮೆಯಾದರೂ ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು ಒತ್ತಿ. ಮೂಳೆ ಕತ್ತಿಯಂತೆ ಕೈಗೆ ಚುಚ್ಚಿದರೆ ಬಡಕಲಾಗಿದೆ, ಹಲಗೆಯಂತೆ ಸಪಾಟಾಗಿದ್ದರೆ ಜಾಸ್ತಿ ತಿಂದಿದೆ. ಹಾಗೇ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಬಿಳಿಚಿಕೊಂಡಿದ್ದರೆ ಹುಳು ರಕ್ತ ಹೀರುತ್ತಿರಬಹುದು, ಆ ದಿನವೇ ಪಶುವೈದ್ಯರಿಗೆ ಹೇಳಿ. ಬೇಲಿ ಇವು ಆಚೆ ಹೋಗದಿರಲಿ ಅಂತಲ್ಲ, ನಾಯಿ ಒಳಗೆ ಬರದಿರಲಿ ಅಂತ.

ಪ್ರಶ್ನೆ: ಮೂರು ವಾರದ ಹಿಂದೆ ನಮ್ಮ ಹೆಣ್ಣು ಅಲ್ಪಾಕಾವನ್ನು ಗಂಡಿಗೆ ಬಿಟ್ಟಿದ್ದೆ. ಈಗ ಅದೇ ಗಂಡು ಹತ್ತಿರ ಬಂದರೆ ಉಗುಳುತ್ತದೆ, ಒದೆಯುತ್ತದೆ, ಓಡುತ್ತದೆ. ಕಾಯಿಲೆಯಾ?

ಉತ್ತರ: ಸಿಹಿ ಹಂಚಲು ತಯಾರಿ ಮಾಡಿಕೊಳ್ಳಿ! ಇವಕ್ಕೆ ಹಸುವಿನ ಹಾಗೆ ಇಷ್ಟು ದಿನಕ್ಕೊಮ್ಮೆ ಬೆದೆ ಅಂತ ಇಲ್ಲ. ಕೂಡಿದ ಮೇಲೇ ಅಂಡ ಬಿಡುಗಡೆ ಆಗುತ್ತದೆ. ಗರ್ಭ ನಿಲ್ಲದ ಹೆಣ್ಣು ಗಂಡಿನ ಗೊರಗೊರ ರಾಗ ಕೇಳಿದರೆ ಸಾಮಾನ್ಯವಾಗಿ ಕೂತುಬಿಡುತ್ತದೆ. ಗರ್ಭ ನಿಂತಿದ್ದರೆ ಉಗುಳುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ, ಎರಡು ತಿಂಗಳ ಹೊತ್ತಿಗೆ ಸ್ಕ್ಯಾನ್ ಮಾಡಿಸಿ. ಕೂಡಿಸಿದ ತಾರೀಖು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಹೊಟ್ಟೆ ನೋಡಿ ದಿನ ಹೇಳೋದು ಉಣ್ಣೆಯ ದೆಸೆಯಿಂದ ಕಷ್ಟ. ಈಯುವುದು ಹೆಚ್ಚಾಗಿ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ, ಹಾಗಾಗಿ ಕತ್ತಲಾದ ಮೇಲೆ ಈಯಲು ತಿಣುಕುತ್ತಿದ್ದರೆ ಏನೋ ತೊಡಕಿದೆ ಅಂತಲೇ ತಿಳಿದು ಡಾಕ್ಟರಿಗೆ ಫೋನ್ ಮಾಡಿ. ತಾಯಿ ಮರಿಯನ್ನು ನೆಕ್ಕುವುದಿಲ್ಲ, ಅದು ಇವುಗಳ ರೀತಿ, ಗಾಬರಿ ಬೇಡ. ಮರಿ ಎದ್ದು ಕೆಚ್ಚಲು ಹುಡುಕಿ ಒಂದೆರಡು ತಾಸಿನಲ್ಲಿ ಗಿಣ್ಣುಹಾಲು ಕುಡಿಯಿತಾ, ಅದನ್ನು ನೋಡಿ.

ಪ್ರಶ್ನೆ: ತಾಯಿ ಸತ್ತ ಗಂಡುಮರಿಗೆ ಬಾಟಲಿಯಲ್ಲಿ ಹಾಲು ಕೊಡುತ್ತಿದ್ದೇವೆ. ಮನೆಯೊಳಗೇ ಇರುತ್ತದೆ, ಮಗಳ ಹಿಂದೆಯೇ ಓಡಾಡುತ್ತದೆ. ಮುಂದೆ ತೊಂದರೆ ಆಗುತ್ತಾ?

ಉತ್ತರ: ಆಗುತ್ತದೆ, ಈ ತಪ್ಪು ನಾನೇ ಮಾಡಿದ್ದೇನೆ. ತೊಡೆಯ ಮೇಲೆ ಮಲಗಿಸಿಕೊಂಡು ಸಾಕಿದ ಗಂಡು, ಎರಡು ವರ್ಷ ತುಂಬಿದ ಮೇಲೆ ಒಂದು ದಿನ ನೀರಿನ ತೊಟ್ಟಿ ತೊಳೆಯುತ್ತಿದ್ದಾಗ ಹಿಂದಿನಿಂದ ಎದೆ ಕೊಟ್ಟು ಗುದ್ದಿತು. ಬಿದ್ದವನ ಮೇಲೆ ಕೂರಲು ಬಂತು. ಅದರ ಲೆಕ್ಕದಲ್ಲಿ ನಾನು ಮನುಷ್ಯ ಅಲ್ಲ, ಎದುರಾಳಿ ಗಂಡು. ಬೆಳೆದ ಗಂಡು 70 ಕಿಲೋ ಇರುತ್ತದೆ ಅನ್ನೋದು ನೆನಪಿರಲಿ, ನಿಮ್ಮ ಮನೆಯಲ್ಲಿ ಮಗು ಬೇರೆ ಇದೆ.

ಇವತ್ತೇ ಅದನ್ನು ಹಿಂಡಿಗೆ ಸೇರಿಸಿ, ರಾತ್ರಿಯೂ ಅಲ್ಲೇ ಇರಲಿ. ಹಾಲು ಕೊಡುವಾಗ ಮುದ್ದು ಮಾಡಬೇಡಿ, ಕುಡಿದ ಕೂಡಲೇ ಆಚೆ ಬನ್ನಿ. ಮೈಮೇಲೆ ಒರಗಲು ಬಂದರೆ ಅಂಗೈಯಿಂದ ದೂಡಿ, ನೀವು ಹಿಂದೆ ಸರಿಯಬೇಡಿ. ಬೀಜ ಯಾವಾಗ ತೆಗೆಸಬೇಕು ಅಂತ ಪಶುವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮಗಳಿಗೆ ಬೇಜಾರಾಗುತ್ತದೆ, ಗೊತ್ತು. ಬೇಲಿಯ ಆಚೆ ನಿಂತು ಮರಿ ಮಿಕ್ಕವುಗಳ ಜೊತೆ ಸಂಜೆ ಹೊತ್ತು ಜಿಗಿಯೋದನ್ನು ನೋಡಲಿ.