ನೀಲಿ ಪಂಪ್ ಒಂದೇ ಸಾಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ, ನಂಗೆ 31 ವರ್ಷ, ಚನ್ನಗಿರಿ ಹತ್ರ ಹಳ್ಳಿ. ಮದುವೆ ಆದಾಗಿಂದ ಉಬ್ಬಸ ಇದೆ, ರಾತ್ರಿ ಹೊತ್ತು ಜಾಸ್ತಿ, ಎದೆ ಸುಯ್ ಸುಯ್ ಅನ್ನುತ್ತೆ. ಸಾಲ್ಬುಟಮಾಲ್ ಅಂತ ಬರೆದಿರೋ ನೀಲಿ ಪಂಪ್ ಎಳ್ಕೊಂಡ್ರೆ ಸ್ವಲ್ಪ ಹೊತ್ತಲ್ಲೇ ಆರಾಮ, ಆದ್ರೆ ಈಗ ದಿನಕ್ಕೆ ನಾಲ್ಕೈದು ಸಲ ಬೇಕಾಗ್ತಿದೆ. ಇನ್ನೊಂದು ಪಂಪ್ ಕೂಡ ಕೊಟ್ಟಿದ್ರು, ಅದ್ರಲ್ಲಿ ಸ್ಟೀರಾಯ್ಡ್ ಇದೆ, ಅಭ್ಯಾಸ ಆಗ್ಬಿಡುತ್ತೆ ಅಂತ ಅತ್ತೆ ಹೇಳಿದ್ರು, ಬಿಟ್ಟೆ. ನೀಲಿದೇ ಸಾಕಲ್ವಾ?

ಉತ್ತರ: ಸಾಕಾಗಲ್ಲಮ್ಮ. ದಿನಕ್ಕೆ ನಾಲ್ಕೈದು ಸಲ ಬೇಕಾಗ್ತಿದೆ ಅಂದ್ರೆ ಕಾಯಿಲೆ ಕೈ ಮೀರ್ತಿದೆ ಅಂತಾನೇ ಅರ್ಥ, ಈ ವಾರದಲ್ಲೇ ಡಾಕ್ಟ್ರ ಹತ್ರ ಹೋಗಿ. ಆಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದ್ಕೊಂಡಿರುತ್ತೆ, ಸುತ್ತಲಿನ ಸ್ನಾಯು ಬಿಗಿಯಾಗುತ್ತೆ, ಕಫ ತುಂಬುತ್ತೆ. ನೀಲಿ ಪಂಪ್ ಆ ಸ್ನಾಯುವನ್ನ ಸಡಿಲ ಮಾಡುತ್ತೆ ಅಷ್ಟೇ, ಊತ ಹಂಗೇ ಇರುತ್ತೆ. ಒಲೆ ಹೊಗೆ ಕಾರ್ತಾನೇ ಇರೋವಾಗ ಬರೀ ಕಿಟಕಿ ತೆಗೆದಂಗೆ. ಊತ ಇಳಿಸೋದು ನೀವು ಬಿಟ್ಟಿರೋ ಆ ಸ್ಟೀರಾಯ್ಡ್ ಪಂಪೇ.

ಇದನ್ನ ಜಗತ್ತು ತುಂಬಾ ಕಷ್ಟಪಟ್ಟು ಕಲಿತಿದೆ. ನ್ಯೂಜಿಲೆಂಡಲ್ಲಿ 1976ರಿಂದ ಆಸ್ತಮಾ ಇದ್ದ ಹುಡುಗ ವಯಸ್ಸಿನವರು ಇದ್ದಕ್ಕಿದ್ದಂಗೆ ಜಾಸ್ತಿ ಸಾಯೋಕೆ ಶುರುವಾದ್ರು, ಯಾಕೆ ಅಂತ ವರ್ಷಗಟ್ಟಲೆ ಗೊತ್ತಾಗಲಿಲ್ಲ, ಕೊನೆಗೆ 1989ರಲ್ಲಿ ವೆಲಿಂಗ್ಟನ್ನಿನ ಸಂಶೋಧಕರು ಫೆನೊಟೆರಾಲ್ ಅನ್ನೋ, ಸ್ನಾಯು ಸಡಿಲಿಸೋ ಒಂದು ಪಂಪ್ ಕಡೆ ಬೆರಳು ತೋರಿಸಿದ್ರು, ಅದರ ಬಳಕೆ ತಡೆದ ಮೇಲೆ ಸಾವು ಇಳೀತು. ನಿಮ್ಮ ಹತ್ರ ಇರೋದು ಆ ಔಷಧಿ ಅಲ್ಲ, ಹೆದರಬೇಡಿ, ಆದ್ರೆ ಅದೇ ಜಾತಿಗೆ ಸೇರಿದ್ದು. ಆಮೇಲೆ 2000ದಲ್ಲಿ ಕೆನಡಾದ ಒಂದು ಅಧ್ಯಯನ ಬಂತು: ವರ್ಷದಲ್ಲಿ ಸ್ಟೀರಾಯ್ಡ್ ಪಂಪ್ ಒಂದೊಂದು ಹೆಚ್ಚು ಖಾಲಿ ಮಾಡಿದಂಗೂ ಆಸ್ತಮಾದಿಂದ ಸಾಯೋ ಸಂಭವ ಶೇ 21ರಷ್ಟು ಕಮ್ಮಿ ಆಗಿತ್ತು. 2018ರಲ್ಲಿ ಸಿಗ್ಮಾ ಅನ್ನೋ ಟ್ರಯಲ್, ಸೌಮ್ಯ ಆಸ್ತಮಾ ಇದ್ದವರ ಮೇಲೆ. ಉಬ್ಬಸ ಬಂದಾಗ ಬರೀ ಸ್ನಾಯು ಸಡಿಲಿಸೋ ಪಂಪ್ ತಗೊಂಡೋರಿಗಿಂತ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ಸ್ನಾಯು ಸಡಿಲಿಸೋ ಫಾರ್ಮೊಟೆರಾಲ್ ಎರಡೂ ಸೇರಿರೋ ಪಂಪ್ ತಗೊಂಡೋರಿಗೆ ಜೋರಾದ ಅಟ್ಯಾಕ್ ಶೇ 64 ಕಮ್ಮಿ. ಇದೆಲ್ಲಾ ನೋಡಿ 2019ರಲ್ಲಿ ಜಾಗತಿಕ ಆಸ್ತಮಾ ಮಾರ್ಗಸೂಚಿ, ಡಾಕ್ಟ್ರುಗಳು ಗಿನಾ ಅಂತೀವಿ, ದೊಡ್ಡವರಿಗೆ ನೀಲಿ ಪಂಪ್ ಒಂದನ್ನೇ ಕೊಡಬೇಡಿ ಅಂತ ಸ್ಪಷ್ಟವಾಗಿ ಹೇಳ್ತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿ ಇಲ್ದೇನೂ ಅದನ್ನ ಕೊಡ್ತಾನೇ ಇದಾರೆ, ಅದು ನಂಗೆ ನಿಜಕ್ಕೂ ಸಂಕಟ.

ಅತ್ತೆಯವರ ಭಯ ನಂಗೆ ಅರ್ಥ ಆಗುತ್ತೆ, ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ತಿಂದು ಮುಖ ಊದಿ, ಶುಗರ್ ಬಂದೋರನ್ನ ಅವರು ನೋಡಿರಬಹುದು. ಆದ್ರೆ ಅಟ್ಯಾಕ್ ಆದಾಗ ಕೊಡೋ ಮಾತ್ರೆ ದಿನಕ್ಕೆ 40 ಮಿಲಿಗ್ರಾಂ ತನಕ ಹೋಗುತ್ತೆ, ಪಂಪಲ್ಲಿ ಒಂದು ಸಲಕ್ಕೆ 100, 200 ಮೈಕ್ರೋಗ್ರಾಂ, ಅಂದ್ರೆ ಒಂದು ಮಿಲಿಗ್ರಾಂನ ಹತ್ತನೇ ಒಂದು, ಐದನೇ ಒಂದು ಭಾಗ, ಅದೂ ಬೇಕಾದ ಜಾಗಕ್ಕೇ ನೇರವಾಗಿ. ಚಟ ಹಿಡಿಸೋ ಔಷಧಿ ಅಲ್ಲ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗೀರಿ, ಇಲ್ದಿದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಕೂರುತ್ತೆ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ತಿಲ್ಲ, ತುಟಿ ನೀಲಿ ಆಯ್ತು, ಪಂಪ್ ಹಾಕಿದ್ರೂ ಕೇಳ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಸರ್, ಎಪಿಎಂಸಿಲಿ ಹಮಾಲಿ ಕೆಲಸ, ಕಾಳಿನ ಧೂಳು. ರಜಾ ದಿನ ಉಸಿರು ಚೆನ್ನಾಗಿರುತ್ತೆ, ಕೆಲಸಕ್ಕೆ ಹೋದ್ರೆ ಕಟ್ಟುತ್ತೆ. ಧೂಳಿಂದ ಆಸ್ತಮಾ ಬರುತ್ತಾ? (ಹಾವೇರಿ)

ಉತ್ತರ: ಬರುತ್ತೆ, ಮತ್ತೆ ನೀವು ಗಮನಿಸಿದ್ದೀರಲ್ಲ ರಜೆ ದಿನದ ವ್ಯತ್ಯಾಸ, ಡಾಕ್ಟ್ರಿಗೆ ಮೊದಲು ಅದನ್ನೇ ಹೇಳಿ. ಸ್ಪೇನಿನ ಬಾರ್ಸಿಲೋನಾದಲ್ಲಿ 1981ರಿಂದ 1987ರೊಳಗೆ 26 ಸಲ ಹಿಂಗಾಯ್ತು, ಒಂದೇ ದಿನ ಊರಿನ ಎಮರ್ಜೆನ್ಸಿ ವಾರ್ಡುಗಳಿಗೆಲ್ಲಾ ಉಬ್ಬಸದವರು ನುಗ್ಗೋರು. ಹುಡುಕ್ತಾ ಹೋದ್ರೆ ಅವೆಲ್ಲಾ ಬಂದರಿನಲ್ಲಿ ಹಡಗಿಂದ ಸೋಯಾಬೀನ್ ಇಳಿಸಿದ ದಿನಗಳು! ಕಾಳು ತುಂಬೋ ಸೈಲೋಗೆ ಧೂಳು ತಡೆಯೋ ಫಿಲ್ಟರ್ ಇರಲಿಲ್ಲ. ಹಾಕಿಸಿದ್ರು, ನಿಂತೋಯ್ತು. ಅಲ್ಲಿ ಗುಣವಾಗಿದ್ದು ಧೂಳು ತಡೆದಿದ್ದಕ್ಕೆ, ಹಾಗಾಗಿ ಔಷಧಿ ಜೊತೆಗೆ ನಿಮಗೂ ಅದೇ ಬೇಕು. ಮುಖಕ್ಕೆ ಟವೆಲ್ ಸುತ್ಕೊಂಡ್ರೆ ಸಣ್ಣ ಧೂಳು ನಿಲ್ಲಲ್ಲ, ಎನ್95 ಮಾಸ್ಕ್ ಹಾಕಿ, ಆದ್ರೆ ಮೂಟೆ ಸುರಿಯೋ ಜಾಗದಿಂದ ತೂಕದ ಕಡೆಗೋ ಹೊಲಿಯೋ ಕಡೆಗೋ ಬದಲಾಯಿಸಿಕೊಡಿ ಅಂತ ಕೇಳಿದ್ರೆ ಇನ್ನೂ ಒಳ್ಳೇದು. ಉಸಿರು ಊದಿಸಿ ನೋಡೋ ಸ್ಪೈರೋಮೆಟ್ರಿ ಟೆಸ್ಟ್ ಮಾಡಿಸಿ. ಬೀಡಿ ಸೇದ್ತಿದ್ರೆ ಅದನ್ನೂ ಮುಚ್ಚಿಡದೆ ಹೇಳಿ, ಯಾಕಂದ್ರೆ ಸಿಒಪಿಡಿ ಅನ್ನೋ ಬೇರೆ ಕಾಯಿಲೆನೂ ಹಿಂಗೇ ಕಾಣುತ್ತೆ.

ಪ್ರಶ್ನೆ: ಮಗನಿಗೆ 8 ವರ್ಷ, ದಿನಾ ಸ್ಟೀರಾಯ್ಡ್ ಪಂಪ್. ಕುಳ್ಳ ಆಗ್ಬಿಡ್ತಾನಾ ಮೇಡಂ ಅಥವಾ ಸರ್, ಯಾರು ಉತ್ತರಿಸ್ತೀರೋ? (ಬೆಂಗಳೂರು)

ಉತ್ತರ: ಅಮೆರಿಕದಲ್ಲಿ ಬುಡೆಸೊನೈಡ್ ತಗೊಂಡ ಮಕ್ಕಳನ್ನ ದೊಡ್ಡವರಾಗೋ ತನಕ ಅಳೆದಿದಾರೆ, 2012ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಪಂಪ್ ತಗೊಂಡೋರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಮ್ಮಿ. ಅಷ್ಟು ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದ್ರೆ ಹತೋಟಿಗೆ ಬಾರದ ಆಸ್ತಮಾನೂ ಮಗುವಿನ ಬೆಳವಣಿಗೆ ಕುಗ್ಗಿಸುತ್ತೆ, ನಿದ್ದೆ ಕೆಡಿಸುತ್ತೆ, ಸ್ಕೂಲು ತಪ್ಪಿಸುತ್ತೆ, ಜೀವಕ್ಕೂ ಅಪಾಯ. ಹಂಗಾಗಿ ನೀವಾಗೇ ನಿಲ್ಲಿಸಬೇಡಿ, ಪಂಪಿಗೆ ಸ್ಪೇಸರ್ ಅನ್ನೋ ಕೊಳವೆ ಹಾಕಿ ಕೊಡಿ, ಪ್ರತಿ ಭೇಟಿಯಲ್ಲೂ ಎತ್ತರ ಅಳೆಸಿ ಬರೆದಿಡಿ, ಎರಡು ಮೂರು ತಿಂಗಳು ಉಬ್ಬಸ ಇಲ್ಲದೆ ಚೆನ್ನಾಗಿದ್ರೆ ಡೋಸ್ ಇಳಿಸಬಹುದಾ ಅಂತ ಡಾಕ್ಟ್ರನ್ನ ಕೇಳಿ.